ಮೆಟ್ಟೂರಿನ ಸ್ಪೀಕರು

೩ ಆಗಸ್ಟ್ ೨೦೨೫, ಭಾನುವಾರ

ಇಂದು ಬೆಳಿಗ್ಗೆ ಮೆಟ್ಟೂರಿನಿಂದ ನನ್ನ ತಮ್ಮ ಗೋವಿಂದರಾಜ ಫೋನು ಮಾಡಿದ್ದ. ಅವನು ಏನನ್ನಾದರೂ ಕೇಳುವವನಿದ್ದರೆ ಮೊದಲು ಕೆಮ್ಮುತ್ತಾನೆ. ಇಂದು ಎರಡು ಸಲ ಕೆಮ್ಮಿದ.

"ಅಣ್ಣಾ, ಪಾಪು ಕೀಬೋರ್ಡು ಅಲ್ಲಿ ಸುಮ್ನೆ ತಾನೆ ಬಿದ್ದೈತೆ? ಇಲ್ಲಿ ಸ್ಪೀಕರೂ ಸುಮ್ನೆ ಕುಂತೈತೆ. ಎರಡೂ ಒಂದ್ ಕಡೆ ಇದ್ರೆ ಒಳ್ಳೇದಲ್ವಾ?"

ಪಾಪು ಎಂದರೆ ನನ್ನ ಮಗಳು ವನಿತಾ. ಇಪ್ಪತ್ತಮೂರು ತುಂಬಿದವಳನ್ನೂ ಅವನು ಹಾಗೆಯೇ ಕರೆಯುತ್ತಿದ್ದ. ಹೋದ ಸೆಪ್ಟೆಂಬರಿನಲ್ಲಿ ಜ್ವರ ಬಂದು, ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಅವಳನ್ನು ಹಿಂದಕ್ಕೆ ತರುವಾಗಲೂ ವ್ಯಾನಿನೊಳಗೆ "ಪಾಪು, ಪಾಪು" ಎಂದು ಕೂಗಿದವನು ಅವನೇ. ನಾನು ಮುಂದಿನ ಸೀಟಿನಲ್ಲಿ ಕುಳಿತು ಡ್ರೈವರಿಗೆ ದಾರಿ ಹೇಳುತ್ತಿದ್ದೆ. ಯಾರಾದರೂ ಹೇಳಲೇಬೇಕಿತ್ತು.

ವಸ್ತುಸ್ಥಿತಿಯನ್ನು ಕ್ರಮವಾಗಿ ಬರೆಯುತ್ತೇನೆ. ವನಿತಾ ಮೂರು ವರ್ಷ ಮೆಟ್ಟೂರಿನ ಕಡೆಯ ಕಾಲೇಜಿನಲ್ಲಿ ಓದಿದಳು. ದಿನವೂ ಬಸ್ಸಿನಲ್ಲಿ ಅಲೆಯುವುದು ಬೇಡವೆಂದು ಗೋವಿಂದ ಕೆಲಸ ಮಾಡುವ ಥರ್ಮಲ್ ವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನಲ್ಲಿ ನಾನೇ ಬಿಟ್ಟೆ. ಅವನಿಗೂ ಅವನ ಹೆಂಡತಿ ರಾಜಾತಿಗೂ ಮಕ್ಕಳಿಲ್ಲ. ಅಲ್ಲಿ ಅವಳು ಟ್ಯೂಷನ್ ಹೇಳಿ ಕೂಡಿಸಿದ ಹಣದಲ್ಲಿ ಈ ಕೀಬೋರ್ಡನ್ನು, ಎಂದರೆ ಎಲೆಕ್ಟ್ರಿಕ್ ಪಿಯಾನೋ ಒಂದನ್ನು, ಕೊಂಡಳು. ಆರ್ಕೆಸ್ಟ್ರಾದವರು ಬಳಸುವ ಜಾತಿಯದು. ಅದಕ್ಕೆ ತನ್ನದೇ ಸ್ಪೀಕರು ಇರುವುದಿಲ್ಲ. ಗೋವಿಂದ ಎಲ್ಲಿಂದಲೋ ಒಂದು ಸ್ಪೀಕರು ತಂದುಕೊಟ್ಟ. ಓದು ಮುಗಿಸಿ ಸೇಲಂಗೆ, ಗುಗೈಯ ಈ ಮನೆಗೆ, ಹಿಂದಿರುಗುವಾಗ ಕೀಬೋರ್ಡನ್ನು ತಂದಳು. ಸ್ಪೀಕರನ್ನು ಅಲ್ಲಿಯೇ ಬಿಟ್ಟು ಬಂದಳು. ಮನೆಯಲ್ಲಿ ಗದ್ದಲ ಕೂಡದೆಂದು ನಾನು ಹೇಳಿದ್ದೆ. ಅವಳು ಹೆಡ್‌ಫೋನ್ ಹಾಕಿಕೊಂಡು ಬಾರಿಸುತ್ತಿದ್ದಳು. ನಾನು ಸಂಗೀತವನ್ನು ತಡೆದವನಲ್ಲ, ಸದ್ದನ್ನು ಮಾತ್ರ ತಡೆದವನು. ಬೀದಿಯ ಮಗ್ಗಗಳ ಸದ್ದು ಬೇರೆ, ಅದು ದುಡಿಮೆಯ ಸದ್ದು.

ಆದ್ದರಿಂದ ಅವಳು ಬಾರಿಸಿದ್ದನ್ನು ಗೋವಿಂದ ಮೂರು ವರ್ಷ ಕೇಳಿದ್ದಾನೆ. ನನಗೆ ದಕ್ಕಿದ್ದು ಗೋಡೆಯಾಚೆಯ ಟಕ ಟಕ ಮಾತ್ರ, ಕೀಲಿಗಳ ಮೇಲೆ ಬೆರಳು ಬೀಳುವ ಒಣ ಬಡಿತ. ಆ ಹೊತ್ತಿಗೆ ನಾನು ಕಾರ್ಯದರ್ಶಿಯಾಗಿರುವ ನೇಕಾರರ ಸಂಘದ ಕಡತಗಳನ್ನು ಮನೆಗೇ ತಂದು, ಆ ಗೋಡೆಗೆ ಒರಗಿ ನೋಡುತ್ತಿದ್ದೆನಾದ್ದರಿಂದ ಅಷ್ಟಾದರೂ ಕೇಳಿಸುತ್ತಿತ್ತು.

ಸೆಪ್ಟೆಂಬರ್ ಹದಿನಾಲ್ಕಕ್ಕೆ ವರ್ಷದ ತಿಥಿ. ನಮ್ಮ ಮನೆತನದಲ್ಲಿ ಸತ್ತವರಿಗೆ ಪ್ರಿಯವಾದುದನ್ನು ಎಡೆಗೆ ಇಟ್ಟರೆ, ಅಂದೇ ಅದನ್ನು ಮನೆಯವರೊಬ್ಬರು ಬಳಸಬೇಕು; ಸೀರೆಯಾದರೆ ಉಡಬೇಕು, ತಿಂಡಿಯಾದರೆ ತಿನ್ನಬೇಕು. ಬಳಸಿದವರದೇ ಆ ವಸ್ತು. ಕೀಬೋರ್ಡನ್ನು ಎಡೆಗೆ ಇಡಬೇಕೆಂದು ನನ್ನ ಹೆಂಡತಿ ಧನಲಕ್ಷ್ಮಿ ಆಗಲೇ ನಿಶ್ಚಯಿಸಿದ್ದಾಳೆ.

"ನಮ್ ಮನೇಲಿ ಯಾರು ಬಾರ್ಸೋರು? ಗೋವಿಂದನಿಗೆ ಅವಳೇ ಯೋಳಿಕೊಟ್ಟವ್ಳೆ, ಒಂದ್ ಪಾಟು ಬಾರಿಸ್ತಾನೆ. ಎತ್ಕೊಂಡ್ ಓಗ್ಲಿ ಬಿಡಿ," ಎಂದಳು.

ಅವಳೇ ಹಾಡು ಹೇಳಿಕೊಟ್ಟಳಂತೆ, ಬಾಯ್ಲರಿನ ವಾಲ್ವು ತಿರುಗಿಸುವ ಆ ಬೆರಳುಗಳಿಗೆ!

ಸ್ಪೀಕರು ನಾನೂ ಕೊಳ್ಳಬಲ್ಲೆ. ಮನೆಯವರು ಬಾರಿಸಬೇಕೆಂದು ಪದ್ಧತಿ ಹೇಳುತ್ತದೆ. ಚೆನ್ನಾಗಿ ಬಾರಿಸಬೇಕೆಂದು ಎಲ್ಲಿಯೂ ಹೇಳಿಲ್ಲ. ನಾನೇ ಬಾರಿಸುತ್ತೇನೆ.

೫ ಆಗಸ್ಟ್, ಮಂಗಳವಾರ

ಮೊಬೈಲ್ ಅಂಗಡಿಯಿಂದ ಬ್ಲೂಟೂತ್ ಸ್ಪೀಕರು ತಂದೆ, ಚೊಂಬಿನಷ್ಟು ಗಾತ್ರದ್ದು. ಕೀಬೋರ್ಡಿಗೆ ಸಿಕ್ಕಿಸುವ ಪುಟ್ಟ ಪಿನ್ನನ್ನೂ ಅಂಗಡಿಯವನೇ ಕೊಟ್ಟ. ಕೀಲಿ ಒತ್ತಿದೆ, ಬೆರಳು ಎತ್ತಿದ ಮೇಲೆ ಸದ್ದು ಬಂತು. ಮತ್ತೆ ಒತ್ತಿದೆ, ಮತ್ತೆ ಹಾಗೆಯೇ. ಕೇಳಿದ ಪ್ರಶ್ನೆಗೆ ಯೋಚಿಸಿ ಉತ್ತರಿಸುವ ಎದುರಾಳಿಯಂತಿತ್ತು. ಅಂಥವರನ್ನು ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸುಲಭವಾಗಿ ಸೋಲಿಸುತ್ತಿದ್ದೆ. ಹಿಂದಿರುಗಿಸಿದೆ.

೧೦ ಆಗಸ್ಟ್, ಭಾನುವಾರ

ಹಳೇ ಬಸ್‌ಸ್ಟ್ಯಾಂಡಿನ ಬಳಿ ಸರವಣನ್ ಎಂಬವರ ಸೌಂಡ್ ಅಂಗಡಿಗೆ ಹೋದೆ. ಗೋಡೆಯ ತುಂಬ ಪೆಟ್ಟಿಗೆಗಳು; ಕಬ್ಬಿಣದ ಜಾಲಿಯ ಹಿಂದಿನಿಂದ ಎಲ್ಲವೂ ನನ್ನನ್ನೇ ನೋಡುತ್ತಿದ್ದಂತೆ ತೋರಿತು. ಗಿಟಾರಿನ ಆಂಪ್ಲಿಫೈಯರು, ಮದುವೆ ಮಂಟಪದ ಸ್ಪೀಕರು, ಹೋಂ ಥಿಯೇಟರು ಎಂದು ಅವರು ಹೇಳುತ್ತ ಹೋದರು. ಕೀಬೋರ್ಡನ್ನು ತಂದು ಹಚ್ಚಿ ನೋಡಬಹುದಲ್ಲ ಎಂದು ತಮಿಳಿನಲ್ಲಿ ಹೇಳಿದರು. ಅದನ್ನು ಮನೆಯಿಂದ ಹೊರಗೆ ತರುವುದಿಲ್ಲವೆಂದೆ. ಹೊರಗೆ ಬಂದ ವಸ್ತು ಮೆಟ್ಟೂರಿನ ದಾರಿ ಹಿಡಿಯುವುದಕ್ಕೆ ಹೊತ್ತು ಬೇಕಿಲ್ಲ.

ಪರೀಕ್ಷೆಗೆ ನನ್ನಲ್ಲಿ ಬೇರೆ ಉಪಾಯವಿತ್ತು. ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುವಾಗ ಅಂತರಕಾಲೇಜು ಚರ್ಚಾಸ್ಪರ್ಧೆಯ ಫಲಕವನ್ನು ಗೆದ್ದವನು ನಾನು. ಮೈಕಿನ ಗುಣ ನನಗೆ ತಿಳಿಯುತ್ತದೆ. ಒಂದೊಂದು ಪೆಟ್ಟಿಗೆಗೂ ಮೈಕು ಹಚ್ಚಿಸಿ, ನಿಂತು, "ಮಾನ್ಯ ಅಧ್ಯಕ್ಷರೇ, ನಿಷ್ಪಕ್ಷಪಾತಿಗಳಾದ ತೀರ್ಪುಗಾರರೇ" ಎಂದು ಆರಂಭಿಸಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಗಿಟಾರಿನ ಪೆಟ್ಟಿಗೆಯಲ್ಲಿ ನನ್ನ ದನಿ ನೆಗಡಿಯಾದವನದಂತೆ ಇತ್ತು. ಮಂಟಪದ ಪೆಟ್ಟಿಗೆಯಲ್ಲಿ ಪದಗಳ ಅಂಚು ಮೊಂಡಾಯಿತು. ಕೊನೆಯದು ಸಭೆಗಳಿಗೆಂದೇ ಮಾಡಿದ, ಆಳೆತ್ತರದ ಸಪುರ ಕಂಬದಂಥ ಸ್ಪೀಕರು. ಅದರಲ್ಲಿ ಒಂದು ಒತ್ತಕ್ಷರವೂ ಕಳೆದುಹೋಗಲಿಲ್ಲ. ನಲವತ್ತು ವರ್ಷದ ಹಿಂದಿನ ನನ್ನ ದನಿ ಅಲ್ಲಿ ನಿಂತು ಮಾತಾಡುತ್ತಿತ್ತು.

"ಸಾರ್, ವಾಯ್ಸ್ ಸೂಪರಾ ಇರುಕ್ಕು! ಎಲೆಕ್ಷನ್‌ಲೇ ನಿಲ್ಲುಂಗ ಸಾರ್!" ಎಂದರು ಸರವಣನ್. ಬೀದಿಯವರು ನಕ್ಕರು, ಇಬ್ಬರು ಚಪ್ಪಾಳೆ ತಟ್ಟಿದರು.

ಅದನ್ನೇ ಕೊಂಡೆ. ಗೋವಿಂದನ ಬಳಿ ಇಂಥದು ಇರಲು ಸಾಧ್ಯವಿಲ್ಲ.

೧೧ ಆಗಸ್ಟ್, ಸೋಮವಾರ

ಕಂಬವನ್ನು ವನಿತಾಳ ಕೋಣೆಯಲ್ಲಿ ನಿಲ್ಲಿಸಿ ಕೀಬೋರ್ಡಿಗೆ ತಂತಿ ಹಚ್ಚಿದೆ. ಎಡಬದಿಯ ಕೀಲಿಗಳನ್ನು ಒತ್ತಿದರೆ ಏನೂ ಇಲ್ಲ, ಒಂದು ಗೊರಗೊರ ಮಾತ್ರ. ಬಲಬದಿಯವು ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತಿದ್ದವು. ಕೀಬೋರ್ಡು ಕೆಟ್ಟಿದೆ ಎಂದೆ.

ಧನಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. "ಅದು ಕೆಟ್ಟಿಲ್ಲ. ನೀವ್ ಮಾತಾಡಾಕೆ ತಂದಿದ್ದೀರಾ, ಅವಳು ಬಾರ್ಸಾಕೆ ಅಲ್ಲ. ಅವಳ್ದು ಇಂಗೆ ಇರ್ಲಿಲ್ಲ."

"ಹೇಗಿತ್ತು ಎಂಬುದು ನಿನಗೆ ಹೇಗೆ ಗೊತ್ತು?"

"ಒಂದ್ ಕಡೆದು ನನ್ ಕಿವಿಗೆ ಇಡ್ತಿದ್ಲು. ನೀವು ಸಂಘಕ್ಕೆ ಓದಾಗ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ತಾಯಿ, ಮಗಳು, ನಡುವೆ ಒಂದು ಹೆಡ್‌ಫೋನು. ಇಬ್ಬರೂ ತಲೆಗೆ ತಲೆ ತಾಗಿಸಿ ಕುಳಿತಿರಬೇಕು. ಇಲ್ಲದಿದ್ದರೆ ಅದು ಎರಡು ಕಿವಿಗೆ ಎಟುಕುವುದಿಲ್ಲ. ಅಳತೆ ಮಾಡಿ ನೋಡಿದ್ದೇನೆ.

೧೨ ಆಗಸ್ಟ್, ಮಂಗಳವಾರ

ಎದುರುಮನೆಯ ಲಕ್ಷ್ಮಕ್ಕ ಜಗುಲಿಯಲ್ಲಿ ನೂಲು ಸುತ್ತುತ್ತಿದ್ದಳು. ಕಂಬದ ಸದ್ದು ಬೀದಿಗೆ ಕೇಳಿಸಿತ್ತಂತೆ. "ನೆನ್ನೆ ಏನು ಸೆಕ್ರೆಟ್ರಿಯವ್ರೆ, ಪಾತ್ರೆ ಅಂಗಡಿ ಇಟ್ರಾ? ನಿಮ್ ಮಗಳು ಬಾರ್ಸಿದ್ರೆ ಕೈಯಾಗಿನ ರಾಟೆ ನಿಂತೋಗ್ತಿತ್ತು," ಎಂದಳು.

ನೀನು ಕೇಳಿದ್ದೆಯಾ ಎಂದು ವಿಚಾರಿಸಿದೆ. ಒಮ್ಮೆ ಕರೆಂಟು ಹೋಗಿ ಬಂದು ಮಗ್ಗಗಳು ಇನ್ನೂ ನಿಂತಿದ್ದಾಗ, ಹೆಡ್‌ಫೋನನ್ನು ಇವಳ ಕಿವಿಗೂ ಇಟ್ಟು ಕೇಳಿಸಿದಳಂತೆ. ಲಕ್ಷ್ಮಕ್ಕನಿಗೂ!

ಇಂದು ಬೇರೇನೂ ಇಲ್ಲ.

೨೪ ಆಗಸ್ಟ್, ಭಾನುವಾರ

ಹನ್ನೆರಡು ದಿನ ಬರೆಯಲಿಲ್ಲ. ನಮ್ಮ ಬೀದಿಯಲ್ಲಿ ಕನ್ನಡ ಆಡುವವರೇ ಎಲ್ಲರೂ, ಓದಬಲ್ಲವನು ನಾನೊಬ್ಬನೇ. ಆದ್ದರಿಂದ ಈ ಪುಸ್ತಕಕ್ಕೆ ಬೀಗ ಬೇಕಿಲ್ಲ. ಇದ್ದುದನ್ನು ಇದ್ದಂತೆ ಬರೆಯಬಹುದು. ನನಗೆ ನನ್ನ ತಮ್ಮನ ಮೇಲೆ ಹೊಟ್ಟೆಕಿಚ್ಚು. ಅವನು ಒಳ್ಳೆಯವನೆಂಬುದು ಈ ವಾದಕ್ಕೆ ಸಂಬಂಧಿಸಿದ್ದಲ್ಲ. ಒಳ್ಳೆಯವನಾಗಿರುವುದು ಅವನಿಗೆ ಯಾವಾಗಲೂ ಸುಲಭವಾಗಿತ್ತು. ಪಾಪುವನ್ನು ಗದರಿಸಬೇಕಾದ ಕೆಲಸ ಅವನಿಗಿರಲಿಲ್ಲ.

ಸರವಣನ್ ಕಂಬವನ್ನು ಹಿಂದಕ್ಕೆ ಪಡೆಯಲು ಒಪ್ಪುತ್ತಿಲ್ಲ. ಎಲೆಕ್ಷನ್ ಬರುತ್ತದೆ, ಇಟ್ಟುಕೊಳ್ಳಿ ಎನ್ನುತ್ತಾರೆ.

ಹೊಸ ಉಪಾಯ: ಮೆಟ್ಟೂರಿಗೆ ಹೋಗಿ ಆ ಸ್ಪೀಕರನ್ನು ಕಣ್ಣಾರೆ ನೋಡುವುದು, ಅದರ ಕಂಪನಿಯ ಹೆಸರನ್ನು ಬರೆದುಕೊಳ್ಳುವುದು, ಅದೇ ಕಂಪನಿಯ ಇನ್ನೂ ದೊಡ್ಡದನ್ನು ಕೊಳ್ಳುವುದು. ಎದುರಾಳಿಯ ಆಧಾರಗಳನ್ನು ಮೊದಲು ಓದಬೇಕು. ಅದನ್ನು ನಾನು ಮರೆತಿದ್ದೆ.

೩೦ ಆಗಸ್ಟ್, ಶನಿವಾರ

ಹೋಗಿ ಬಂದೆ. ಸಂಘದ ಕೆಲಸವಿದೆ ಎಂದು ಫೋನಿನಲ್ಲಿ ಹೇಳಿದ್ದೆ. ಮೇಚೇರಿ ದಾಟಿದ ಮೇಲೆ ಥರ್ಮಲ್ ಚಿಮಣಿಗಳು ಕಂಡವು. ಮೂರು ವರ್ಷದಲ್ಲಿ ಮಗಳನ್ನು ನೋಡಲು ಈ ದಾರಿಯಲ್ಲಿ ಎಷ್ಟು ಸಲ ಬಂದಿದ್ದೆನೆಂದು ಎಣಿಸಲು ಹೊರಟು, ಬೇಡವೆಂದು ಬಿಟ್ಟೆ.

"ಬನ್ನಿ ಬಾವಾ, ಬನ್ನಿ. ಬಿಸ್ಲಾಗೆ ಬಂದವ್ರೆ ನೋಡು. ಓಗಿ ಕೈಕಾಲ್ ತೊಳ್ಕಳಿ, ಸಾಪಾಡು ರೆಡಿ ಐತೆ," ಎಂದಳು ರಾಜಾತಿ. ಗೋವಿಂದ ಬೆಳಗಿನ ಶಿಫ್ಟು ಮುಗಿಸಿ ಬಂದು ಬನಿಯನ್ನಿನಲ್ಲಿ ಕುಳಿತಿದ್ದ.

ಸ್ಪೀಕರು ಹಾಲಿನ ಮೂಲೆಯಲ್ಲಿತ್ತು, ಮೇಲೆ ಒಂದು ಹಳೆಯ ದಾವಣಿ ಹೊದಿಸಿದ್ದರು. ತೆಗೆದು ನೋಡಿದೆ. ಅಕ್ಕಿಡಬ್ಬಿಯಷ್ಟು ದಪ್ಪದ ಕಪ್ಪು ಪೆಟ್ಟಿಗೆ. ಮುಂದಿನ ಬಟ್ಟೆ ಹರಿದಿತ್ತು. ಒಂದು ತಿರುಗಣೆ ಕಳೆದುಹೋಗಿ ಅದರ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ ಕೂರಿಸಿದ್ದರು. ಕಂಪನಿಯ ಹೆಸರಿಲ್ಲ; ಮುಚ್ಚಿಹೋದ ಯಾವುದೋ ಆರ್ಕೆಸ್ಟ್ರಾದವರು ಬಳಿದ ಬಿಳಿಯ ನಂಬರು ಮಾತ್ರ ಇತ್ತು. ಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ, ಇದರಂಥದೂ ಇಲ್ಲ.

ಹಿಂಭಾಗದಲ್ಲಿ ಏನಾದರೂ ಬರೆದಿರಬಹುದೆಂದು ಬಗ್ಗಿದೆ. ಪೆಟ್ಟಿಗೆಯ ನಾಲ್ಕು ಮೂಲೆಗಳ ಅಡಿಯಲ್ಲಿ ಹವಾಯಿ ಚಪ್ಪಲಿಯ ತುಂಡುಗಳಿದ್ದವು. ಒಂದರ ಹಿಮ್ಮಡಿ ಹೊರ ಅಂಚಿನಲ್ಲಿ ಸವೆದಿತ್ತು. ಹಾಗೆ ಸವೆಸುವವನು ನಾನು. ಕೆಲವು ವರ್ಷದ ಹಿಂದೆ ಆ ಚಪ್ಪಲಿ ಕಾಣೆಯಾದಾಗ, ಮನೆಗೆಲಸದ ಮುತ್ಯಾಲಮ್ಮನನ್ನು ಗದರಿಸಿದ್ದೆ.

"ಅದು ನಿಂದೇ ಅಣ್ಣಾ," ಎಂದ ಗೋವಿಂದ. "ಬರೀ ನೆಲ್ದಾಗೆ ಇಟ್ರೆ ಗುಂಯ್ ಅಂತ ಎಕ್ಸ್‌ಟ್ರಾ ಸೌಂಡು. ರಬ್ಬರ್ ಬೇಕು ಅಂದ್ಲು. ನನ್ ಚಪ್ಲಿ ಕೊಟ್ಟೆ. ‘ಬೇಡ ಚಿಕ್ಕಪ್ಪಾ, ಅಪ್ಪನ್ದೇ ತರ್ತೀನಿ. ಸೌಂಡ್ ಅಡಗ್ಸಾಕೆ ಅದ್ರಂಥದ್ದು ಬೇರೆ ಇಲ್ಲ’ ಅಂದ್ಲು."

"ಸುಮ್ನಿರ್ರೀ! ಬಾಯಿಗ್ ಬಂದಿದ್ದೆಲ್ಲಾ ಯೋಳ್ಬೇಕಾ?" ಎಂದು ರಾಜಾತಿ ಸೌಟಿನಲ್ಲಿ ತಟ್ಟೆಗೆ ಹೊಡೆದಳು.

ಊಟಕ್ಕೆ ಕುಳಿತೆವು. ಅನ್ನ ಬರುವ ತನಕ ಗೋವಿಂದ ಮೇಜಿನ ಮೇಲೆ ಬೆರಳಿನಿಂದ ಬಡಿಯುತ್ತಿದ್ದ. ಸುಮ್ಮನೆ, ತನಗೇ ತಿಳಿಯದಂತೆ. ನಾಲ್ಕು ಬಡಿತ, ಮೂರು ಬಡಿತ, ಮತ್ತೆ ನಾಲ್ಕು.

"ಅಲ್ಲ," ಎಂದೆ. "ನಾಲ್ಕಾದ ಮೇಲೆ ನಿಲ್ಲಬೇಕು."

"ಎಲ್ಲಿ?"

ಬಡಿದು ತೋರಿಸಿದೆ. ನಾಲ್ಕು, ಒಂದು ಉಸಿರು ಒಳಗೆ ಎಳೆದುಕೊಳ್ಳುವಷ್ಟು ತಡೆ, ಆಮೇಲೆ ಮೂರು, ಕೊನೆಯದು ಮೆತ್ತಗೆ. ಅವನು ತನ್ನ ಕೈಯನ್ನು ಮೇಜಿನಿಂದ ಎತ್ತಿಕೊಂಡು ನನ್ನ ಕೈಯನ್ನು ನೋಡಿದ.

"ಇದು ಪಾಪು ಕಟ್ಟಿದ ಪಾಟು ತಾನೆ? ನನ್ಗೆ ಇಂಗೆ ಯೋಳಿಕೊಟ್ಟಿಲ್ವೇ!"

"ಆಮೇಲೆ ಬದಲಾಯಿಸಿದಳು. ಗುಗೈಗೆ ಬಂದ ಮೇಲೆ. ದೀಪಾವಳಿಯ ತನಕ ನೀನು ಬಡಿದ ಹಾಗೆಯೇ ಇತ್ತು. ಪೊಂಗಲ್ ಹೊತ್ತಿಗೆ ಈ ತಡೆ ಬಂತು. ಮೊದಮೊದಲು ಅಲ್ಲಿ ಎಡವುತ್ತಿದ್ದಳು, ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದಳು."

"ನಿನ್ಗೆ ಎಂಗೆ ಗೊತ್ತು ಅಣ್ಣಾ? ಹೆಡ್‌ಫೋನು ತಾನೆ ಆಕ್ಕೊಂಡಿರ್ತಿದ್ಲು?"

ಬೆರಳು ಬಿದ್ದ ಸದ್ದು ಗೋಡೆ ದಾಟಿ ಬರುತ್ತಿತ್ತು ಎಂದೆ. ಹೇಳುವ ತನಕ ನನಗೂ ಅದು ನನ್ನ ಬಳಿ ಇದೆಯೆಂದು ತಿಳಿದಿರಲಿಲ್ಲ.

ಗೋವಿಂದನ ಮುಖದಲ್ಲಿ ಒಂದು ಭಾವ ಮೂಡಿತು. ಈ ತಿಂಗಳಿಡೀ ಕ್ಷೌರದ ಕನ್ನಡಿಯಲ್ಲಿ ನಾನು ನೋಡಿದ್ದ ಭಾವ ಅದು. "ಕೊನೇದು ನಿನ್ ಕೈಯಾಗೆ ಐತೆ, ಅಣ್ಣಾ," ಎಂದ.

ನಾನು ಎರಡು ಸಲ ಅನ್ನ ಬಡಿಸಿಕೊಂಡೆ.

೩೧ ಆಗಸ್ಟ್, ಭಾನುವಾರ

ಚಪ್ಪಲಿಯ ಪ್ರಶ್ನೆ. ಅವಮಾನವೆಂಬ ಪಕ್ಷಕ್ಕೆ: ತಂದೆಯ ಪಾದರಕ್ಷೆಯನ್ನು ಕದ್ದು, ಕತ್ತರಿಸಿ, ಅವನ ಸ್ವಭಾವವನ್ನು ಹಾಸ್ಯ ಮಾಡಿದ್ದಾಳೆ. ಎದುರು ಪಕ್ಷಕ್ಕೆ: ಚಿಕ್ಕಪ್ಪ ತನ್ನದನ್ನು ಕೊಟ್ಟಾಗ ಬೇಡವೆಂದು, ಸೇಲಂನಿಂದ ಮೆಟ್ಟೂರಿನವರೆಗೆ ಹೊತ್ತುಕೊಂಡು ಹೋಗಿದ್ದಾಳೆ. ಅವಳು ಬಾರಿಸಿದಾಗಲೆಲ್ಲ ಅದು ಕೆಳಗೆ ಇತ್ತು.

ತೀರ್ಪನ್ನು ಕಾಯ್ದಿರಿಸಿದೆ. ಮುತ್ಯಾಲಮ್ಮನಿಗೆ ಒಂದು ಜೊತೆ ಹೊಸ ಚಪ್ಪಲಿ ಕೊಂಡುಕೊಟ್ಟೆ. ಏಕೆಂದು ಅವಳು ಕೇಳಿದಳು. ದೀಪಾವಳಿಗೆ ಎಂದೆ.

೧೪ ಸೆಪ್ಟೆಂಬರ್, ಭಾನುವಾರ

ವರ್ಷವಾಯಿತು.

ಫೋಟೋದ ಮುಂದೆ ಎಡೆ ಇಟ್ಟೆವು. ಅನ್ನ, ಹುಳಿ, ಅವಳಿಗೆ ಪ್ರಿಯವಾದ ತಟ್ಟುವಡೆ ಸೆಟ್ಟು, ನೀಲಿ ಚೂಡಿದಾರ, ಕೀಬೋರ್ಡು. ಸ್ಪೀಕರನ್ನು ತೆಗೆದುಕೊಂಡು ಬಾ ಎಂದು ಗೋವಿಂದನಿಗೆ ನಾನೇ ಹೇಳಿದ್ದೆ. ಲಗೇಜ್ ಆಟೋದಲ್ಲಿ, ತಾನೂ ಹಿಂದೆ ಕುಳಿತು, ಅದನ್ನು ತಬ್ಬಿ ಹಿಡಿದುಕೊಂಡು ತಂದ. ಚಪ್ಪಲಿಯ ತುಂಡುಗಳನ್ನು ಬೇರೆ ಚೀಲದಲ್ಲಿ ತಂದಿದ್ದ. ಅವುಗಳನ್ನು ಮೂಲೆಗಳಿಗೆ ನಾನು ಇಟ್ಟೆ. ಎಡೆಯ ಮುಂದೆ ಚಪ್ಪಲಿ ಇಡಬಹುದೇ ಎಂದು ಯಾರೂ ಕೇಳಲಿಲ್ಲ.

ಪದ್ಧತಿಯಂತೆ ಯಾರು ಬಾರಿಸುವುದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನನ್ನು ನೋಡಿದರು. "ನೀನು ಕೂತುಕೊ," ಎಂದೆ ಗೋವಿಂದನಿಗೆ. ಅವನ ಪಕ್ಕದಲ್ಲಿ ನಾನೊಂದು ಸ್ಟೂಲು ಹಾಕಿಕೊಂಡೆ.

ಅವನ ಬೆರಳುಗಳು ದಪ್ಪ. ಒಂದು ಕೀಲಿ ಒತ್ತಲು ಹೋಗಿ ಎರಡು ಒತ್ತುತ್ತಾನೆ. ಆದರೂ ಮೊದಲ ಸಲ ಎಡಗೈ ಬಿದ್ದಾಗ ಕಂಬದಲ್ಲಿ ಕಾಣೆಯಾಗಿದ್ದ ಆ ಕೆಳಗಿನ ಸ್ವರ ಬಂತು. ಅದು ಕಿವಿಗಲ್ಲ, ಕೂತಿದ್ದ ಸ್ಟೂಲಿನ ಕಾಲಿಗೆ ಬಂತು, ಒಳಗಿನ ಕೋಣೆಯಲ್ಲಿ ಯಾರೋ ಬರಿಗಾಲಿನಲ್ಲಿ ಓಡಾಡಿದ ಹಾಗೆ. ಟಕ ಟಕ ಎಂದು ನಾನು ಕೇಳುತ್ತಿದ್ದುದರ ಮೇಲೆ ಇಷ್ಟೆಲ್ಲ ಇತ್ತು. ನಾಲ್ಕಾದ ಮೇಲೆ ನಾನು ಕೈ ಅಡ್ಡ ಹಿಡಿದೆ, ಗೋವಿಂದ ನಿಂತ. ಕೈ ತೆಗೆದೆ, ಮೂರನ್ನು ಬಾರಿಸಿದ, ಕೊನೆಯದನ್ನು ಮೆತ್ತಗೆ. ಧನಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇಂಗೇ," ಎಂದಳು. "ಇಂಗೇ ಇತ್ತು."

ಆ ಹೊತ್ತಿನಲ್ಲಿ ನಾನು ಯಾವ ವಾದವನ್ನೂ ಯೋಚಿಸುತ್ತಿರಲಿಲ್ಲ.

ಊಟವಾದ ಮೇಲೆ ಗೋವಿಂದ ಕೆಮ್ಮಿದ. "ಸ್ಪೀಕರು ಇಲ್ಲೇ ಇರ್ಲಿ ಅಣ್ಣಾ. ನಿನ್ ಮಗಳದು. ನಾನು ಕೇಳಿದ್ದು ತಪ್ಪು."

ನಾನು ಎದ್ದು ನಿಂತು ಈ ಪ್ರಸ್ತಾಪವನ್ನು ವಿರೋಧಿಸಿದೆ. ಒಂದು, ಎಡೆಗಿಟ್ಟುದು ಬಳಸಿದವನಿಗೆ ಸೇರುತ್ತದೆಂಬುದು ನಮ್ಮ ಹಿರಿಯರ ಕಟ್ಟಳೆ. ಎರಡು, ಈ ಮನೆಯಲ್ಲಿ ಬಾರಿಸುವವರು ಯಾರೂ ಇಲ್ಲ. ಮೂರು, ಬಾರಿಸದ ಕೀಲಿಗಳು ಬಿಗಿಯುತ್ತವೆ. ನನ್ನ ಜೀವನದಲ್ಲಿ ನಾನು ಅಷ್ಟು ಚೆನ್ನಾಗಿ ಎದುರು ಪಕ್ಷದ ಪರವಾಗಿ ಮಾತಾಡಿರಲಿಲ್ಲ.

"ಕೊಡು ಅಂದ್ರೂ ಜಗಳ, ಬೇಡ ಅಂದ್ರೂ ಜಗಳ. ಒಂದ್ ದಿನಾನಾದ್ರೂ ಎದುರು ಮಾತಾಡ್ದೆ ಇರಾಕೆ ಆಗಲ್ವಾ ನಿಮ್ಗೆ?" ಎಂದಳು ಧನಲಕ್ಷ್ಮಿ. ಆದರೆ ಕೀಬೋರ್ಡಿಗೆ ಸುತ್ತಲು ತನ್ನ ಹತ್ತಿಯ ಸೀರೆಯನ್ನು ಅವಳೇ ತಂದಳು.

ಎರಡನ್ನೂ ಹೊತ್ತ ಆಟೋ ತಿರುವು ದಾಟುವ ತನಕ ಬಾಗಿಲಲ್ಲಿದ್ದೆ.

೨೦ ಸೆಪ್ಟೆಂಬರ್, ಶನಿವಾರ

ಕಂಬದ ಸ್ಪೀಕರನ್ನು ಸಂಘಕ್ಕೆ ಕೊಟ್ಟೆ. ಮಹಾಸಭೆಯಲ್ಲಿ ನನ್ನ ವರದಿ ಕೊನೆಯ ಸಾಲಿನವರಿಗೂ ಕೇಳಿಸುತ್ತದೆಂದು ಅಧ್ಯಕ್ಷರಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಇಂದು ಮೆಟ್ಟೂರಿಗೆ ಹೋಗಿ ಬಂದೆ. ಗೋವಿಂದ ಬಾರಿಸಿದ, ನಾನು ಸ್ಟೂಲಿನ ಮೇಲೆ ಕುಳಿತು ತಡೆಯನ್ನು ತಿದ್ದಿದೆ. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅವನಿಗಿನ್ನೂ ತಿಳಿಯುತ್ತಿಲ್ಲ, ಆತುರಗಾರ. ರಾಜಾತಿ ಕಾಫಿ ಕೊಡುವಾಗ, "ಬಾವಾ, ಪಾಪು ಆಮೇಲೆ ಬೇರೆ ಏನಾದ್ರೂ ಸೇರ್ಸಿದ್ಲಾ?" ಎಂದು ಕೇಳಿದಳು. ನೆನಪು ಮಾಡಿಕೊಳ್ಳಬೇಕು ಎಂದೆ.

ಮಾಡಿಕೊಳ್ಳಬೇಕಾದ್ದು ಏನೂ ಇಲ್ಲ. ಕೊನೆಯ ಆಷಾಢದಲ್ಲಿ ಅವಳು ಆ ಮೂರರ ಮುಂದೆ ಇನ್ನೈದು ಬಡಿತ ಸೇರಿಸಿದ್ದಳು. ಧನಲಕ್ಷ್ಮಿ ಆಗ ತಂಗಿಯ ಮನೆಗೆ ಹೋಗಿದ್ದಳು. ಬೇರೆ ಯಾರ ಕಿವಿಗೂ ಅದು ಬಿದ್ದಿಲ್ಲ. ಗೋವಿಂದನಿಗೆ ಒಮ್ಮೆಲೇ ಹೇಳಿಬಿಟ್ಟರೆ ಮುಂದಿನ ಶನಿವಾರಕ್ಕೆ ಹೇಳುವುದೇನು ಉಳಿಯುತ್ತದೆ? ಅವನು ಕಾಯಲಿ.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮೇಚೇರಿ ದಾಟಿದ ಮೇಲೆ ಆ ಐದನ್ನು ಮೊಣಕಾಲಿನ ಮೇಲೆ ಬಡಿದು ನೋಡಿದೆ, ಮರೆತಿಲ್ಲವೆಂದು ಖಚಿತ ಮಾಡಿಕೊಳ್ಳಲು. ಪಕ್ಕದವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅದರ ಅಡಿಯಲ್ಲಿ ಬಡಿದೆ.